ಮಿಲ್ಕೆಯಾಳ ಏಳು ದಿನಗಳು

ಬಟ್ಟಲಿನ ತಳದಲ್ಲಿ ಉಳಿದಿದ್ದ ಕೆಂಗಂದು ಬಣ್ಣವನ್ನು ಕುಂಚದಿಂದ ಒಂದು ಕಡೆಗೆ ಒತ್ತರಿಸಿ, ಪಾರ್ಲರಿನ ಯಜಮಾನಿ ನೂರಿಸ್ ಬಾಗಿಲ ಕಡೆ ಮುಖ ಮಾಡಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಾಳೆಂಬುದನ್ನು ಕನ್ನಡಿಯಲ್ಲೇ ಖಾತ್ರಿ ಮಾಡಿಕೊಂಡು, ಮಿಲ್ಕೆಯಾ ಅದನ್ನು ಕ್ರೀಮಿನ ಖಾಲಿ ಡಬ್ಬಿಯೊಂದಕ್ಕೆ ಇಳಿಸಿ ಮುಚ್ಚಳ ತಿರುಗಿಸಿದಳು. ಶುಕ್ರವಾರ, ಅಂದರೆ ಐದನೆಯ ದಿನ. ಐದನೆಯ ದಿನಕ್ಕೆ ಇದು ತುಸು ಕೆಂಪು ಹೆಚ್ಚಾಯಿತು. ಮನೆಗೆ ಹೊರಡುವ ಮುಂಚೆ ಬೇರೆ ಬಟ್ಟಲಿನಿಂದ ಒಂದೆರಡು ಹನಿ ಕಂದು ಸೇರಿಸಬೇಕು. ಮೂರಕ್ಕೆ ಕೆಂಪು, ನಾಲ್ಕಕ್ಕೂ ಕೆಂಪು, ಐದಕ್ಕೆ ತುಸು ಮಂಕು, ಆರಕ್ಕೆ ಕೋಕೋ ಪುಡಿಯ ಬಣ್ಣ, ಏಳಕ್ಕೆ ನಾಣ್ಯದಗಲ ಒಂದು ಕಲೆ, ಅಷ್ಟೆ. ಎರಡು ವರ್ಷದಲ್ಲಿ ಈ ಕ್ರಮ ಅವಳ ಕೈಗೆ ಹತ್ತಿಬಿಟ್ಟಿತ್ತು. ಗಿರಾಕಿಗಳ ತಲೆಗೆ ಬಣ್ಣ ಹಾಕುವಾಗ ಒಮ್ಮೊಮ್ಮೆ ತಪ್ಪುತ್ತಿದ್ದಳೇ ಹೊರತು ಇದರಲ್ಲಿ ತಪ್ಪಿದ್ದಿಲ್ಲ. ಈ ಬಣ್ಣದ ಗುಣವೆಂದರೆ ಗಾಳಿ ತಾಗಿದಷ್ಟೂ ಕಪ್ಪಾಗುತ್ತ ಹೋಗುತ್ತದೆ, ರಕ್ತದ ಹಾಗೆಯೇ. ಅದನ್ನು ಕಂಡುಕೊಂಡ ದಿನ ಅವಳಿಗೆ ನಾಚಿಕೆಯ ಬದಲು ಹೆಮ್ಮೆಯಾಗಿತ್ತು. ಆ ಹೆಮ್ಮೆಗೆ ಆಮೇಲೆ ನಾಚಿಕೆಯಾಗಿತ್ತು. ಅವಳ ನಿಜವಾದ ಮುಟ್ಟು ಎರಡು ದಿನದ್ದು. ಸೋಮವಾರ ಬಂದು, ಹೊಸ್ತಿಲಲ್ಲೇ ನಿಂತು ಕ್ಷೇಮ ವಿಚಾರಿಸಿ ಹೋಗುವ ನೆಂಟರ ಹಾಗೆ, ಮಂಗಳವಾರ ಸಂಜೆಯ ಹೊತ್ತಿಗೆ ಹೊರಟುಹೋಗಿತ್ತು. ಉಳಿದ ಐದು ದಿನ ಅವಳು ಪಾರ್ಲರಿನ ಬಣ್ಣದಿಂದ ಮುಟ್ಟಾಗುತ್ತಿದ್ದಳು.

ಬಚ್ಚಲಿನ ಮೂಲೆಯಲ್ಲಿ ಕಾಗದ, ಪ್ಯಾಡು ಹಾಕುವ ಬುಟ್ಟಿಯೊಂದಿತ್ತು. ದಿನಾ ಬೆಳಿಗ್ಗೆ ಅದನ್ನು ಖಾಲಿ ಮಾಡುವುದು ಸೊಸೆಯೂ ಊರೂ ದೋನ್ಯಾ ಎಂದು ಗೌರವದಿಂದ ಕರೆಯುವ ಅತ್ತೆ ಒಟಿಲಿಯಾಳ ಕೆಲಸ. ಅವಳು ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅತ್ತೆ ಸೀಸೆ ಮಾಡುವ ಹೆಂಗಸು. ಹತ್ತೊಂಬತ್ತು ಬಗೆಯ ಬೇರು ತೊಗಟೆಗಳನ್ನು ಕುದಿಸಿ, ಜೇನು, ದಾಲ್ಚಿನ್ನಿ, ಕೆಂಪು ವೈನು ಬೆರೆಸಿ, ರಮ್ಮಿನ ಖಾಲಿ ಸೀಸೆಗೆ ತುಂಬಿ, ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಒಂಬತ್ತು ದಿನ ಹೂತು ತೆಗೆದದ್ದು ಸೀಸೆ. ಮಕ್ಕಳಾಗದವರು ಅದನ್ನು ಮುಟ್ಟಿನಷ್ಟು ದಿನವೂ ಆಮೇಲೆ ಮೂರು ಬೆಳಿಗ್ಗೆಯೂ ಕುಡಿಯಬೇಕು. ಅದು ಹೊಟ್ಟೆಯಲ್ಲಿರುವಷ್ಟು ದಿನ ಗಂಡನ ಹತ್ತಿರ ಹೋಗಕೂಡದು. ಬನಿ ಊರಿನಲ್ಲಿ ಒಟಿಲಿಯಾ ಎಂಬ ಹೆಸರಿನ ಚಿಕ್ಕ ಹುಡುಗಿಯರು ಏಳು ಮಂದಿ ಇದ್ದರು, ಎಲ್ಲರೂ ಸೀಸೆಯಿಂದ ಹುಟ್ಟಿದವರು. ಒಂದು ಗಂಡುಮಗುವಿಗೂ ಒಟಿಲಿಯೋ ಎಂದು ಇಟ್ಟಿದ್ದರು, ಪಾಪ. ಅಂಥವಳ ಮನೆಯ ಸೊಸೆಯೇ ಬರಿಗೈಯಲ್ಲಿ ಓಡಾಡುತ್ತಿದ್ದರೆ ಜನ ಏನಂದಾರು? ಜನ ಅಂದರು. ಅಂದದ್ದನ್ನು ಅತ್ತೆ ಒಂದು ದಿನವೂ ಮನೆಯೊಳಗೆ ತಂದವಳಲ್ಲ. ಎರಡು ವರ್ಷದ ಹಿಂದೆ, ಮಗ ವಿನಿಸಿಯೋ ದೂರದ ಪುಂತಾ ಕಾನಾದ ಹೋಟೆಲುಗಳಿಗೆ ಟೈಲ್ಸ್ ಹಾಕುವ ಕೆಲಸ ಬಿಟ್ಟು, ತಿಂಗಳಿಗೆ ಎರಡು ದಿನದ ಗಂಡನಾಗಿದ್ದವನು ಮನೆಯಲ್ಲೇ ಇರುವ ಗಂಡನಾದಾಗ, ಮಣ್ಣು ಒರೆಸಿದ ಸೀಸೆಯೊಂದನ್ನು ಸೊಸೆಯ ಮುಂದಿಟ್ಟು, "ಮಗಳೇ, ನಿಂದು ಎಷ್ಟು ದಿನ?" ಎಂದು ಕೇಳಿದ್ದಳು. "ಎರಡು" ಎಂದಾಗ ಆ ಮುಖದ ಮೇಲೆ ಮೂಡಿದ್ದು ಸಿಟ್ಟಲ್ಲ, ಒಂದು ಬಗೆಯ ಕರುಣೆ. ರೋಗಿಯ ಎದುರಿಗೆ ಡಾಕ್ಟರು ಅಡಗಿಸಿಕೊಳ್ಳುವಂಥದು. "ಎರಡು ದಿನ ಅಂದ್ರೆ ಅದು ರಕ್ತ ಅಲ್ಲ, ಬೆವರು. ದಿನಾ ಎಂಟು ಗಂಟೆ ಡ್ರೈಯರ್ ಹಿಡೀತೀಯ, ಆ ಬಿಸಿ ಮೈಯಲ್ಲೇ ತಣ್ಣೀರಿನ ನಲ್ಲಿಗೆ ಕೈ ಒಡ್ಡುತೀಯ. ಪಾಸ್ಮೊ ಆಗಿದೆ ನಿಂಗೆ. ಒಳಗೆ ಎಲ್ಲ ಹೆಪ್ಪುಗಟ್ಟಿ ಕೂತಿದೆ. ಕೂತಿರೋ ರಕ್ತದಲ್ಲಿ ಮಗು ಹೇಗೆ ಈಜುತ್ತೆ?" ಮುಂದಿನ ತಿಂಗಳು ಸೀಸೆ ಮುಗಿದ ಮೇಲೆ ಅತ್ತೆ ಮತ್ತೆ ಕೇಳಿದಳು. ಆಗಲೂ ಎರಡೇ ಆಗಿತ್ತು. ಆದರೆ ಕೇಳುವಾಗ ಅತ್ತೆಯ ಕೈ ಸೆರಗಿಲ್ಲದ ಎದೆಯ ಮೇಲೆ, ಅಂಗಿಯ ಗುಂಡಿಯನ್ನು ಹಿಡಿದು ತಿರುಗಿಸುತ್ತಿತ್ತು. ಮೂವತ್ತೈದು ವರ್ಷದ ಕಸುಬು ಆ ಗುಂಡಿಯಿಂದ ಜೋತುಬಿದ್ದಿತ್ತು. "ಐದು ದಿನ ಹೋಯ್ತು, ದೋನ್ಯಾ" ಎಂದು ಮಿಲ್ಕೆಯಾಳ ಬಾಯಿ ತಾನಾಗಿ ಹೇಳಿತು. ಅದು ಸುಳ್ಳಲ್ಲ, ಮರ್ಯಾದೆ, ಎಂದು ಅವತ್ತು ಅನ್ನಿಸಿತ್ತು. ಯಾರದೋ ಮನೆಯ ಸಪ್ಪೆ ಸಾರನ್ನು ಚೆನ್ನಾಗಿದೆ ಅಂದ ಹಾಗೆ. ಐದು ಆರಾಗಿ, ಆರು ಏಳಾಯಿತು. ಮರ್ಯಾದೆಗೆ ಸಾಕ್ಷಿ ಬೇಕಾಯಿತು. ಸಾಕ್ಷಿಗೆ ಬಣ್ಣ ಬೇಕಾಯಿತು.

"ಮಿಲ್ಕೆಯಾ! ನರ್ಸಮ್ಮನ ತಲೆ ತೊಳಿ, ನಿದ್ದೆ ಮಾಡ್ಬೇಡ" ಎಂದು ನೂರಿಸ್ ಕೂಗಿದಳು. ಹೆರಿಗೆ ವಾರ್ಡಿನ ನರ್ಸು ಬೆಲ್ಕಿಸ್ ಆಗಲೇ ತೊಟ್ಟಿಗೆ ಕತ್ತು ಒರಗಿಸಿ ಕಣ್ಣು ಮುಚ್ಚಿದ್ದಳು. ಸಾವಿರಾರು ಮಕ್ಕಳನ್ನು ಎಳೆದು ಹಾಕಿದ ದಪ್ಪ ತೋಳುಗಳು ಹೊಟ್ಟೆಯ ಮೇಲೆ ವಿಶ್ರಾಂತಿಗೆ ಬಿದ್ದಿದ್ದವು. ಆ ತಲೆಯನ್ನು ಉಜ್ಜುತ್ತ ಉಜ್ಜುತ್ತ ಮಿಲ್ಕೆಯಾಳಿಗೆ, ತನ್ನ ಬೆರಳ ತುದಿಗೆ ಸಿಕ್ಕಿರುವ ಈ ಬುರುಡೆಯೊಳಗೆ ತನಗೆ ಬೇಕಾದ ಉತ್ತರ ಇದ್ದರೂ ಇರಬಹುದು ಅನ್ನಿಸಿತು. ತಿಂಗಳಿಗೆರಡು ಸಲ ಈ ತಲೆಯನ್ನು ತೊಳೆಯುತ್ತಿದ್ದಾಳೆ. ಒಂದು ಸಲವೂ ಕೇಳಿಲ್ಲ. ಕೇಳುವುದಕ್ಕೆ ಏನು ಅಡ್ಡಿ? ಊರಿನ ಹೆಂಗಸರೆಲ್ಲ ರೋಲರ್ ಸುತ್ತಿಸಿಕೊಂಡು ಡ್ರೈಯರಿನ ಟೋಪಿಯೊಳಗೆ ಸಾಲಾಗಿ ಕೂತಿರುವುದು ಅಡ್ಡಿ. ಸೀಸೆ ಮಾಡುವವಳ ಸೊಸೆ ಆಸ್ಪತ್ರೆಯವಳನ್ನು ಕೇಳಿದಳು ಎಂಬ ಮಾತು ತನಗಿಂತ ಮುಂಚೆ ಮನೆ ತಲುಪುತ್ತದೆ. ಆದರೂ ಇವತ್ತು ಕೇಳಿಯೇಬಿಟ್ಟಳು. ಯಾಕೆ ಇವತ್ತೇ ಎಂದರೆ ಕಾರಣವಿಲ್ಲ, ಬೆಳಿಗ್ಗೆ ತಾನು ಹಲ್ಲುಜ್ಜುವಾಗ, ಸೀಸೆಯ ದಿನಗಳಲ್ಲಿ ಹೊರಕೋಣೆಯಲ್ಲಿ ಮಲಗುವ ವಿನಿಸಿಯೋ ಮಡಚುವ ಮಂಚದ ಪಟ್ಟಿಯ ಗುರುತು ಕೆನ್ನೆಯ ಮೇಲೆ ಹೊತ್ತುಕೊಂಡು ಬಂದು, "ಇನ್ನೂ ಎಷ್ಟು ದಿನ ಕಣೇ?" ಎಂದು ಕೇಳಿದ್ದ. ಜೈಲಿನ ದಿನ ಎಣಿಸುವವನ ಹಾಗಲ್ಲ. ಬಸ್ಸು ತಡವೇನೋ ಎಂದು ವಿಚಾರಿಸುವ ಒಳ್ಳೆಯ ಪ್ರಯಾಣಿಕನ ಹಾಗೆ. ಐದು ದಿನ ಅಂತ ಹೇಳಿದ್ದಳು. ಅವನು ತಲೆಯಾಡಿಸಿ ಬಸ್ಸು ಓಡಿಸಲು ಹೋಗಿದ್ದ.

"ನರ್ಸಮ್ಮ, ನನ್ನ ಗೆಳತಿ ಒಬ್ಬಳಿದಾಳೆ" ಎಂದು ಡ್ರೈಯರಿನ ಸದ್ದಿನ ಅಡಿಯಲ್ಲಿ ಬಗ್ಗಿ ಹೇಳಿದಳು.

"ಎಲ್ರಿಗೂ ಒಬ್ಬಳು ಇರ್ತಾಳೆ" ಎಂದಳು ಬೆಲ್ಕಿಸ್ ಕಣ್ಣು ತೆರೆಯದೆ. "ಏನಂತೆ ಅವಳಿಗೆ?"

"ಮುಟ್ಟು ಎರಡೇ ದಿನ. ಅದೂ ಸ್ವಲ್ಪ."

"ಮೊದಲಿಂದಲೂ ಹಾಗೇನಾ, ಈಗೀಗ ಕಮ್ಮಿ ಆಯ್ತಾ?"

ಮೊದಲಿಂದಲೂ. ಓಕೋವಾ ಬೆಟ್ಟದ ತವರುಮನೆಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಎರಡನೆಯ ದಿನವೇ ಬಟ್ಟೆ ಒಗೆದು ಹರವಿ ಬಂದವಳನ್ನು ನೋಡಿ ಅವ್ವ ನಕ್ಕಿದ್ದಳು, "ಪುಣ್ಯವಂತೆ ಕಣೇ ನೀನು, ಸೋಪು ಉಳೀತು. ನಿನ್ನ ಅಕ್ಕನಿಗೆ ಹೊಳೆಯೇ ಸಾಲದು, ನಿನಗೆ ಚೊಂಬು ನೀರು ಸಾಕು." ಇಪ್ಪತ್ತೇಳರವರೆಗೆ ಅದು ಪುಣ್ಯವಾಗಿಯೇ ಇತ್ತು. ಬೆಟ್ಟ ಇಳಿದು ಬನಿಗೆ ಬಂದು ಮದುವೆಯಾದ ಮೇಲೆ ಅದೇ ಎರಡು ದಿನ ದೋಷವಾಯಿತು.

"ಮೊದಲಿಂದಲೂ ಅಂತೆ."

"ಹಾಗಾದ್ರೆ ಅದು ಅವಳ ಮೈಯ ರೂಢಿ. ಈಗೀಗ ಕಮ್ಮಿ ಆಗಿದ್ರೆ ನೋಡಿಸ್ಬೇಕಾಗಿತ್ತು. ಏನೇ ಆಗ್ಲಿ, ಎಷ್ಟು ಹೋಗುತ್ತೆ ಅನ್ನೋದ್ರ ಮೇಲೆ ಮಕ್ಕಳಾಗಲ್ಲ ಮಗಳೇ, ತತ್ತಿ ಬಿಡುಗಡೆ ಆಗುತ್ತಾ ಇಲ್ವಾ ಅನ್ನೋದ್ರ ಮೇಲೆ. ವಾರಗಟ್ಟಲೆ ಹೊಳೆ ಹರಿಸಿ ಒಂದು ಇಲಿಮರೀನೂ ಹೆರದವರನ್ನ ನೋಡಿದೀನಿ. ಒಂದೂವರೆ ದಿನದವಳು ಒಬ್ಬಳು, ಆರು ಹೆತ್ತು, ನನ್ನ ಕೈ ಹಿಡ್ಕೊಂಡು ಬೇಡ ಅಂತ ಅತ್ತಿದ್ಲು." ಕಣ್ಣು ತೆರೆದು, ತಲೆಕೆಳಗಾಗಿ ಮಿಲ್ಕೆಯಾಳ ಮುಖ ನೋಡಿದಳು. "ಎಷ್ಟು ದಿನಕ್ಕೊಮ್ಮೆ ಬರುತ್ತೆ ನಿನ್ನ ಗೆಳತಿಗೆ?"

"ಇಪ್ಪತ್ಮೂರಕ್ಕೆ. ಗಡಿಯಾರದ ಹಾಗೆ."

"ನೋಡಿದ್ಯಾ, ಬೇಗ ಬರುತ್ತೆ. ಬೇಗ ಬರೋರಿಗೆ ತತ್ತೀನೂ ಬೇಗ, ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮುಂಚೆ. ಮುಟ್ಟಿನ ಮೊದಲ ದಿನದಿಂದ ಎಣಿಸಿದ್ರೆ ಒಂಬತ್ತರ ಆಚೀಚೆ ಬಿಟ್ಟಿರುತ್ತೆ. ಅದು ಬದುಕೋದು ಒಂದು ದಿನ. ಗಂಡಸಿಂದು ನಾಲ್ಕೈದು ದಿನ ಕಾದು ಕೂರುತ್ತೆ, ಅದೊಂದಕ್ಕೆ ತಾಳ್ಮೆ ಇದೆ. ಅಂದ್ರೆ ಐದರಿಂದ ಒಂಬತ್ತರೊಳಗೆ ಕೆಲಸ ಆಗ್ಬೇಕು. ಸರಿ, ರೋಲರ್ ಸುತ್ತು."

ಸುತ್ತಿದಳು. ಕೈ ಸುತ್ತುತ್ತಿತ್ತು. ಒಂದು ದಿನ. ಅದು ಅವಳಿಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಕಲಸಿದ ಬಣ್ಣವೂ ಹಾಗೆಯೇ. ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಆಮೇಲೆ ನೋಡಲು ಅದೇ ಬಣ್ಣ, ಅದೇ ಬಟ್ಟಲು, ಆದರೆ ಕೂದಲಿಗೆ ಹಿಡಿಯುವುದಿಲ್ಲ. ಅಂಥ ಸತ್ತ ಬಣ್ಣವನ್ನೇ ಅವಳು ಡಬ್ಬಿಗೆ ತುಂಬಿಕೊಳ್ಳುತ್ತಿದ್ದುದು. ಬೆಲ್ಕಿಸಳನ್ನು ಡ್ರೈಯರಿನ ಟೋಪಿಯೊಳಗೆ ಕೂರಿಸಿದಳು. ಟೋಪಿಯೊಳಗಿದ್ದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ; ಬೆಲ್ಕಿಸ್ ಏನನ್ನೋ ನೆನೆಸಿಕೊಂಡವಳಂತೆ, ಡ್ರೈಯರಿನ ಸದ್ದನ್ನು ಮೀರಿಸಲೆಂದು, ಹೆರಿಗೆ ಕೋಣೆಯಲ್ಲಿ ಮುಕ್ಕು ಮುಕ್ಕು ಎಂದು ಕೂಗುವ ದನಿಯಲ್ಲಿ ಕೂಗಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು. ಐದು ಡ್ರೈಯರು, ಎರಡು ಫ್ಯಾನು, ರೇಡಿಯೋ, ಎಲ್ಲ ಒಟ್ಟಿಗೆ ಉಸಿರು ಬಿಟ್ಟು ನಿಂತವು. ಇಡೀ ಪಾರ್ಲರಿನಲ್ಲಿ ಉಳಿದದ್ದು ಒಂದೇ ಮಾತು:

"ಹಾಗಾದ್ರೆ ನಿನ್ನ ಗೆಳತಿ ಗಂಡನ ಜೊತೆ ಮಲಗೋದು ಯಾವತ್ತು?"

ಯಾರೂ ನಗಲಿಲ್ಲ. ಅದು ನಕ್ಕಿದ್ದಕ್ಕಿಂತ ಕೆಟ್ಟದ್ದು. ರೋಲರಿನ ತಲೆಗಳೆಲ್ಲ ಒಂದೊಂದಾಗಿ, ಸೂರ್ಯಕಾಂತಿ ಹೂವಿನಂತೆ, ಮಿಲ್ಕೆಯಾಳ ಕಡೆ ತಿರುಗಿದವು. ನೂರಿಸ್ ಇನ್ವರ್ಟರಿನ ಕಡೆ ಹೋಗುತ್ತಿದ್ದವಳು ಉತ್ತರ ಕೇಳಿಯೇ ಹೋಗೋಣವೆಂದು ನಿಂತಳು.

"ಹೇಳಮ್ಮ, ಪಾಪ, ಗೆಳತಿ ವಿಷಯ ತಾನೇ" ಎಂದಳು ಮೂಲೆಯಲ್ಲಿ ಉಗುರಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದವಳೊಬ್ಬಳು. "ವಿನಿಸಿಯೋಗೂ ಆ ಗೆಳತಿ ಪರಿಚಯ ಇರ್ಬೇಕು."

"ಹನ್ನೊಂದನೇ ದಿನದಿಂದ" ಎಂದಳು ಮಿಲ್ಕೆಯಾ. ಬಾಯಿ ಮತ್ತೆ ತಾನಾಗಿಯೇ ಹೇಳಿತ್ತು. ಈ ಸಲ ನಿಜ.

ಬೆಲ್ಕಿಸ್ ಟೋಪಿಯಿಂದ ತಲೆ ಹೊರಗೆ ತೆಗೆದು, ಬೆರಳು ಮಡಚಿ ಎಣಿಸಿ, ಹಣೆ ಬಡಿದುಕೊಂಡಳು. "ದೇವರೇ! ಹನ್ನೊಂದು! ಮಕ್ಕಳು ಬೇಡ ಅಂತ ದಿನಾ ಗುಳಿಗೆ ನುಂಗೋರೂ ಇಷ್ಟು ಕಟ್ಟುನಿಟ್ಟಾಗಿ ಇರಲ್ಲ. ಕುಟುಂಬ ಯೋಜನೆಯೋರು ಅವಳಿಗೆ ಪದಕ ಕೊಡ್ಬೇಕು. ಎರಡು ದಿನಕ್ಕೆ ಮುಗಿಸ್ಕೊಂಡು ಹನ್ನೊಂದರ ತನಕ ಏನು ಮಾಡ್ತಿರ್ತಾಳೆ, ಜಪ ಮಾಡ್ತಾ ಕೂರ್ತಾಳಾ?" ಆಮೇಲೆ, ಎದುರಿಗಿದ್ದ ಮುಖವನ್ನು ನೋಡಿ, ದನಿ ತಗ್ಗಿಸಿ, ಅಂದರೆ ಅರ್ಧ ಪಾರ್ಲರಿಗೆ ಮಾತ್ರ ಕೇಳುವ ಹಾಗೆ, "ವಾರ್ಡಿಗೆ ಬರೋಕೆ ಹೇಳು. ಗಂಡನ್ನೂ ಕರ್ಕೊಂಡು. ಇಬ್ಬರದೂ ಪರೀಕ್ಷೆ ಮಾಡಿಸೋಣ. ಆದ್ರೆ ಅದಕ್ಕೆ ಮುಂಚೆ ದಿನ ಸರಿ ಮಾಡ್ಕೊಳ್ಳೋಕೆ ಹೇಳು. ಬಾಗಿಲು ಮುಚ್ಚಿದ ಮೇಲೆ ಕದ ತಟ್ಟಿ, ಮನೇಲಿ ಯಾರೂ ಇಲ್ಲ ಅಂತ ಅಳ್ತಿದಾಳೆ" ಎಂದಳು.

ಕರೆಂಟು ಬಂತು. ಸದ್ದು ಬಂದು ಅವಳನ್ನು ಮುಚ್ಚಿತು. ಕೈಯಲ್ಲಿ ಡ್ರೈಯರು, ದುಂಡನೆಯ ಬಾಚಣಿಗೆ. ಮುಂದಿನ ಗಿರಾಕಿಯ ಕೂದಲು ನೆಟ್ಟಗಾಗುತ್ತಿತ್ತು, ತನ್ನ ತಲೆಯೊಳಗೆ ಲೆಕ್ಕವೂ. ಮುಟ್ಟಿನ ಏಳು ಮತ್ತು ಸೀಸೆಯ ಮೂರು ಬೆಳಿಗ್ಗೆ, ಹತ್ತು. ಎರಡು ಮತ್ತು ಮೂರು ಐದು. ನಿಜ ಹೇಳಿದ್ದರೆ ವಿನಿಸಿಯೋ ಪ್ರತಿ ಸಲ ಆರನೆಯ ದಿನ ಮಂಚ ಮಡಚಿ ಒಳಗೆ ಬರುತ್ತಿದ್ದ. ಎರಡು ವರ್ಷದಲ್ಲಿ ಮೂವತ್ತೊಂದೋ ಮೂವತ್ತೆರಡೋ ಸಲ. ಅಷ್ಟು ಸಲ ಅವಳೊಳಗೆ ಒಬ್ಬರು ಬಂದು, ಒಂದು ದಿನ ಕಾದು, ಯಾರೂ ಬಾರದೆ ಹೋಗಿದ್ದಾರೆ. ಆ ಹೊತ್ತಿಗೆ ಅವಳು ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ತಾನು ತಾಯಾಗಲು ಯೋಗ್ಯಳೆಂದು ತೋರಿಸುವ ಸಲುವಾಗಿ ಪ್ಯಾಡಿನ ಮೇಲೆ ಕೂದಲ ಬಣ್ಣ ಹನಿಸುತ್ತಿದ್ದಳು. ಆರನೆಯ ದಿನಕ್ಕೆ ಕೋಕೋ ಬಣ್ಣ. ಎಷ್ಟು ಚೆಂದ ಹೊಂದಿಸುತ್ತಿದ್ದಳು! ನಗು ಬಂತು. ಬಿಸಿ ಗಾಳಿಗೆ ಕಣ್ಣಲ್ಲಿ ನೀರೂ ಬಂತು. ಗಿರಾಕಿ ಕನ್ನಡಿಯಲ್ಲಿ ನೋಡುತ್ತಿದ್ದಳು, ಬಿಸಿ ಗಾಳಿ ಎಂದೇ ತಿಳಿದುಕೊಂಡಿರಬೇಕು. ಒಂದು ಸಲ, ಹೋದ ವರ್ಷ, ಎಂಟನೆಯ ದಿನ, ಮಧ್ಯಾಹ್ನ ಅತ್ತೆ ಬೇರು ತರಲು ಸಂತೆಗೆ ಹೋಗಿದ್ದಾಗ, ವಿನಿಸಿಯೋ ಮಾವಿನಹಣ್ಣು ಕೊಯ್ದು ತಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಬಂದು, ಅವಳ ಕತ್ತಿನ ಹಿಂಭಾಗಕ್ಕೆ ಉಸಿರು ತಾಗುವಷ್ಟು ಹತ್ತಿರ ನಿಂತಿದ್ದ. ಅವಳ ಮೈ ತಿರುಗಿತ್ತು. ಸೀಸೆ ಹೊಟ್ಟೆಯಲ್ಲಿದೆ ಎಂದು ನೆನಪಾಗಿ, ನೆನಪಾಗದಿದ್ದರೆ ಸೀಸೆಗೆ ಅವಮಾನ ಎಂದುಕೊಂಡು, "ಇನ್ನೂ ಎರಡು ದಿನ" ಅಂದಿದ್ದಳು. ಅವನು ತಟ್ಟೆ ಇಟ್ಟು ಹೋದ. ಮಾವಿನಹಣ್ಣಿಗೆ ಇರುವೆ ಹತ್ತಿತು. ಈಗ ಆ ಇರುವೆಗಳು ಸಾಲಾಗಿ ಕನ್ನಡಿಯ ಅಂಚಿನಲ್ಲಿ ನಡೆಯುತ್ತಿರುವಂತೆ ಕಂಡವು.

ಸಂಜೆ ಐದಕ್ಕೆ ಮನೆ ಸೇರಿದಾಗ ಬಾಗಿಲಲ್ಲಿ ಎಂದಿನಂತೆ ಅವಳ ಚಪ್ಪಲಿ ಜೋಡಿ, ಮೂತಿ ಒಳಗಡೆ ಮಾಡಿಕೊಂಡು, ಕಾದಿತ್ತು. ಅತ್ತೆಯ ಕಾನೂನು: ಪಾರ್ಲರಿನಿಂದ ಬಂದ ಮೈ ಎರಡು ಗಂಟೆ ಆರಬೇಕು, ಅಲ್ಲಿಯತನಕ ಫ್ರಿಜ್ಜಿನ ಬಾಗಿಲು ತೆರೆಯಕೂಡದು, ತಣ್ಣೀರು ಮುಟ್ಟಕೂಡದು, ಸಿಮೆಂಟು ನೆಲಕ್ಕೆ ಬರಿಗಾಲು ಊರಕೂಡದು. ಚಪ್ಪಲಿ ಮೆಟ್ಟಿ ಒಳಗೆ ಕಾಲಿಟ್ಟರೆ ಅಡುಗೆಮನೆಯ ಮೇಜಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತೋ ಇಪ್ಪತ್ತೊಂದೋ. ಸಲೀನಾಸಿನ ಉಪ್ಪಿನ ಮಡಿಗಳ ಕಡೆಯವಳು ಎಂಬುದು ಹಿಮ್ಮಡಿಯ ಬಿಳಿ ಬಿರುಕುಗಳಲ್ಲೇ ಗೊತ್ತಾಗುತ್ತಿತ್ತು. ಎದುರಿಗೆ ಮಣ್ಣು ಒರೆಸಿದ ಸೀಸೆ.

"ಬಂದ್ಲು ನೋಡು!" ಎಂದಳು ಅತ್ತೆ, ಅಂಗಡಿಯವನು ಒಳ್ಳೆಯ ಥಾನು ಬಿಚ್ಚುವಾಗಿನ ಉತ್ಸಾಹದಲ್ಲಿ. "ಇವಳೇ ನನ್ನ ಸೊಸೆ. ದಾರಿಸಾ ಅಂತ ಮಗಳೇ ಈ ಹುಡುಗಿ ಹೆಸರು, ಇವಳಿಗೆ ಒಂದೂವರೆ ದಿನ ಅಂತೆ, ಅಷ್ಟಕ್ಕೇ ಅತ್ತುಬಿಟ್ಳು. ನಾನು ಹೇಳ್ದೆ, ನನ್ನ ಸೊಸೆನ ನೋಡು, ಎರಡಿದ್ದಿದ್ದು ಏಳು ಆಯ್ತು ಅಂತ. ಹೇಳು, ನಿನ್ನ ಬಾಯಿಂದಲೇ ಕೇಳ್ಲಿ."

ಈ ಸಾಕ್ಷಿಯನ್ನು ಮಿಲ್ಕೆಯಾ ಎಷ್ಟೋ ಸಲ ಹೇಳಿದ್ದಳು. ಕಣ್ಣು ಕೆಳಗೆ ಮಾಡಿ, ಹೌದು ಏಳು, ಎಂದರೆ ಮುಗಿಯಿತು. ಅತ್ತೆ ಕಾಗದ ಸುತ್ತುತ್ತಾಳೆ. ಹುಡುಗಿ ಅವಳ ಮುಖ ನೋಡಲಿಲ್ಲ. ಹೊಟ್ಟೆ ನೋಡಿದಳು. ಆಮೇಲೆ ಕೋಣೆಯನ್ನು ಸುತ್ತಲೂ ನೋಡಿದಳು, ಮೂಲೆಯಲ್ಲಿ ಆಟಿಕೆ, ತಂತಿಯ ಮೇಲೆ ಚಿಕ್ಕ ಅಂಗಿ, ಏನಾದರೂ ಇದೆಯೇ ಎಂದು. ನಂತರ ತೀರ ಮೆಲ್ಲಗೆ, ಅಹಂಕಾರವಿಲ್ಲದೆ ಕೇಳಿದಳು:

"ಏಳು ಆಯ್ತಲ್ಲ ಅಕ್ಕ. ಮಗು ಆಯ್ತಾ?"

ಎರಡು ವರ್ಷದಲ್ಲಿ ಈ ಮೇಜಿನ ಮುಂದೆ ಕೂತ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರಿಗೂ ಏಳೇ ಸಾಕಾಗಿತ್ತು. ಮಿಲ್ಕೆಯಾ ಅತ್ತೆಯ ಕಡೆ ನೋಡಿದಳು. ಗುಂಡಿಯ ಮೇಲೆ ಬೆರಳು ಇತ್ತು, ತಿರುಗುತ್ತಿರಲಿಲ್ಲ. ಚೀಲದಲ್ಲಿ ಬಣ್ಣದ ಡಬ್ಬಿ ಪಕ್ಕೆಗೆ ಒತ್ತುತ್ತಿತ್ತು. ಕಂದು ಹನಿ ಸೇರಿಸುವುದನ್ನು ಮರೆತಿದ್ದಳು.

"ಇಲ್ಲ" ಎಂದಳು. "ಏಳೂ ಆಗಿಲ್ಲ. ನಂದು ಎರಡೇ ದಿನ. ಯಾವಾಗ್ಲೂ ಎರಡೇ." ನಿಲ್ಲಲಿಲ್ಲ, ನಿಂತರೆ ಮುಂದೆ ಹೋಗಲಾರೆನೆಂದು ಬೆಲ್ಕಿಸಳ ಮಾತನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು: ಎಷ್ಟು ಹೋಗುತ್ತದೆ ಎಂಬುದಲ್ಲ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ನೋಡು, ಮುಂದಿನದರಿಂದ ಹದಿನಾಲ್ಕು ದಿನ ಹಿಂದಕ್ಕೆ ಎಣಿಸು, ಅದಕ್ಕೆ ಮುಂಚಿನ ನಾಲ್ಕೈದು ದಿನ ಗಂಡನನ್ನು ಉಪ್ಪಿನ ಮಡಿಗೆ ಕಳಿಸಬೇಡ. ವರ್ಷವಾದರೂ ಆಗದಿದ್ದರೆ ಇಬ್ಬರೂ ಆಸ್ಪತ್ರೆಗೆ ಹೋಗಿ.

ಹುಡುಗಿ ಬಾಯಿ ತೆರೆದುಕೊಂಡು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. "ಹಾಗಾದ್ರೆ ಸೀಸೆ ಬೇಡ್ವಾ ದೋನ್ಯಾ?"

ದೋನ್ಯಾ ಒಟಿಲಿಯಾ ಎರಡೇ ಎರಡು ಸಲ ಕಣ್ಣು ಮಿಟುಕಿಸಿದಳು. ಮೂವತ್ತೈದು ವರ್ಷದ ಕಸುಬುದಾರಳು. "ಯಾಕೆ ಬೇಡ? ಸೀಸೆ ಸೀಸೆನೇ" ಎಂದಳು, ಕಾಗದ ಸುತ್ತುತ್ತ. "ಬಲಕ್ಕೆ ಒಳ್ಳೇದು, ನಿದ್ದೆಗೆ ಒಳ್ಳೇದು. ಕುಡಿ. ಕುಡಿಯೋವಾಗ ಗಂಡನ್ನ ದೂರ ಇಡೋದು ಹಳೇ ಪದ್ಧತಿ, ಈಗ ಅದನ್ನ ತೆಗೆದುಬಿಟ್ಟಿದೀನಿ. ಗಂಡನ್ನೇ ಸೀಸೆ ಬಗ್ಗಿಸಿ ಕೊಡೋಕೆ ಹೇಳು. ಹೊರಡು, ಬಸ್ಸು ತಪ್ಪುತ್ತೆ."

ಹುಡುಗಿ ಹೋದ ಮೇಲೆ ಅಡುಗೆಮನೆ ಬಹಳ ದೊಡ್ಡದಾಯಿತು. ಒಲೆಯ ಮೇಲೆ ಬೇರು ಕುದಿಯುತ್ತಿತ್ತು. ಮಿಲ್ಕೆಯಾ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಬೈಸಿಕೊಳ್ಳುವುದಿದ್ದರೆ ಪೂರ್ತಿ ಬೈಸಿಕೊಂಡೇ ಬಿಡೋಣವೆಂದು. ಅತ್ತೆ ಮುಚ್ಚಳ ತೆರೆಯಲೂ ಇಲ್ಲ.

"ಗೊತ್ತು" ಎಂದಳು.

"ಯಾವಾಗಿಂದ?"

"ಎರಡನೇ ತಿಂಗಳಿಂದ. ಸಾವಿರ ಹೆಂಗಸರ ರಕ್ತ ನೋಡಿದೋಳು ನಾನು. ಯಾರ ರಕ್ತಕ್ಕೂ ಅಮೋನಿಯಾ ವಾಸನೆ ಇರ್ಲಿಲ್ಲ. ಪಕ್ಕದ ಮನೆ ನಾಯಿ ದಿನಾ ಆ ಕಸದ ಚೀಲ ಹರೀತಿತ್ತು, ನಿಂದು ಮೂಸಿ ನೋಡಿ ಸೀನ್ಕೊಂಡು ಹೋಯ್ತು."

"ಮತ್ತೆ ಯಾಕೆ ಸುಮ್ನಿದ್ರಿ ದೋನ್ಯಾ?"

ಅತ್ತೆ ಸೌಟು ಹಾಕಿ ಮಡಕೆಯನ್ನು ಕದಡಿದಳು. "ನಿನ್ನ ಮಾವ ಇದ್ದನಲ್ಲ" ಎಂದಳು. "ಕುಡಿದು ಬರ್ತಿದ್ದ. ಬಂದ್ರೆ ಬೇಡ ಅನ್ನೋ ಹಾಗಿರ್ಲಿಲ್ಲ. ಅವನು ಹೆದರ್ತಿದ್ದಿದ್ದು ಒಂದಕ್ಕೇ, ಮುಟ್ಟಿಗೆ. ನಾನು ತಿಂಗಳಿಗೆ ಹದಿನೈದು ದಿನ ಮುಟ್ಟಾಗ್ತಿದ್ದೆ, ಕೋಳಿ ರಕ್ತದಲ್ಲಿ. ಆ ಮಂಚ ಅವನಿಗೆ ಅಂತ್ಲೇ ತಂದಿದ್ದು. ನಿನ್ನ ಬುಟ್ಟಿ ನೋಡಿದ ದಿನ ಅಂದ್ಕೊಂಡೆ, ಓ, ಇವಳಿಗೂ ನನ್ನ ಮಗ ಬೇಡ. ಇವಳಿಗೂ ಅವಳದೇ ಕಾರಣ ಇರುತ್ತೆ. ಹೆಂಗಸಿಗೆ ಹೆಂಗಸು ಅಷ್ಟು ಮಾಡ್ದೆ ಇದ್ರೆ ಹೇಗೆ? ಹತ್ತು ದಿನ ಆದ್ರೂ ನೆಮ್ಮದಿಯಾಗಿ ಮಲಗ್ಲಿ ಅಂತ ನಾನೇ ಮಂಚ ಹಾಸಿಕೊಡ್ತಿದ್ದೆ."

ಮಿಲ್ಕೆಯಾ ಕುರ್ಚಿ ಎಳೆದು ಕೂತಳು. ಪ್ರತಿ ತಿಂಗಳು, ಹೊದಿಕೆಯ ನಾಲ್ಕು ಮೂಲೆಯನ್ನೂ ಎಳೆದು, ದಿಂಬು ತಟ್ಟಿ, ಮಂಚ ಹಾಸುತ್ತಿದ್ದ ಆ ಕೈಗಳನ್ನು ಅವಳು ಪಹರೆಯವನ ಕೈಗಳೆಂದು ತಿಳಿದಿದ್ದಳು. "ನನಗೆ ಅವನು ಬೇಡ ಅಂತ ಯಾರು ಹೇಳಿದ್ರು? ನಿಮ್ಮ ಮುಖ ಸಣ್ಣಗಾಯ್ತಲ್ಲ ಅಂತ ಐದು ಅಂದೆ. ಸೀಸೆ ಮಾಡೋರ ಸೊಸೆ ಅಂತ ಏಳು ಅಂದೆ."

"ನನಗೋಸ್ಕರ?"

"ಮತ್ತೆ? ನೀವು ಒಂದು ಮಾತು ಕೇಳ್ಬಹುದಿತ್ತಲ್ಲ."

"ಏನಂತ ಕೇಳ್ಲಿ? ನನ್ನ ಮಗ ನಿಂಗೆ ಹಿಡಿಸ್ಲಿಲ್ವಾ ಅಂತ? ಹೆತ್ತೋಳು ಕೇಳೋ ಮಾತಾ ಅದು?" ಅತ್ತೆ ಸೌಟನ್ನು ಮಡಕೆಯ ಅಂಚಿಗೆ ಕುಟ್ಟಿದಳು. "ಹಾಳಾದ ಮರ್ಯಾದೆ! ಇಬ್ಬರೂ ಸೇರಿ ಆ ಹುಡುಗನ್ನ ಎರಡು ವರ್ಷ ತಗಡಿನ ಮಂಚದ ಮೇಲೆ ಮಲಗಿಸಿದ್ವಲ್ಲೇ!"

ಯಾರು ಮೊದಲು ನಕ್ಕರೋ ತಿಳಿಯಲಿಲ್ಲ. ನಗು ಒಂದು ಕಡೆ ಮುರಿದು, ಮಿಲ್ಕೆಯಾ ಮೇಜಿಗೆ ಹಣೆ ಆನಿಸಿದಳು. ಮೂವತ್ತೊಂದೋ ಮೂವತ್ತೆರಡೋ. ತಲೆಯ ಮೇಲೆ, ದಾಲ್ಚಿನ್ನಿ ವಾಸನೆಯ ಕೈಯೊಂದು ಬಂದು ಕೂತಿತು.

"ದೋನ್ಯಾ" ಎಂದಳು, ಮುಖ ಎತ್ತದೆ. "ಹದಿನೈದು ದಿನ ಮುಟ್ಟಾಗ್ತಿದ್ರೆ, ವಿನಿಸಿಯೋ ಹೇಗೆ ಹುಟ್ಟಿದ?"

"ಒಂದ್ಸಲ ಕೋಳಿ ಸಿಕ್ಕಿರ್ಲಿಲ್ಲ" ಎಂದಳು ಅತ್ತೆ. ತಲೆಯ ಮೇಲಿನ ಕೈ ತೆಗೆಯದೆ, "ಇವತ್ತು ಎಷ್ಟನೇ ದಿನ?" ಎಂದು ಕೇಳಿದಳು.

"ಐದು."

ಆರರ ಹೊತ್ತಿಗೆ ವಿನಿಸಿಯೋ ಬಂದ. ದಿನಕ್ಕೆ ಮೂರು ಸಲ ರಾಜಧಾನಿಗೆ ಹೋಗಿ ಬರುವ ಬಸ್ಸಿನ ಧೂಳು ಮೈಯಲ್ಲಿತ್ತು. ಮುಖ ತೊಳೆದು, ಬೇಸ್‌ಬಾಲ್ ಆಟ ಹಾಕಿ, ಟಿವಿಯ ಎದುರಿಗೆ ಮಂಚ ಬಿಚ್ಚಲೆಂದು ಬಾಗಿಲ ಹಿಂದೆ ಕೈ ಹಾಕಿದ. ಕೈ ಗೋಡೆಗೆ ತಾಗಿತು. ಇನ್ನೊಮ್ಮೆ ಹಾಕಿದ.

"ಅಮ್ಮಾ, ನನ್ನ ಮಂಚ ಎಲ್ಲಿ?"

"ಪಕ್ಕದ ಮನೇಗೆ ಕೊಟ್ಟೆ. ಅವರ ನಾಯಿಗೆ" ಎಂದಿತು ಅಡುಗೆಮನೆ.

"ನಾಯಿಗಾ? ಹಾಗಾದ್ರೆ ನಾನೆಲ್ಲಿ ಮಲಗ್ಲಿ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ಜೋರಾಯಿತು. ಮಿಲ್ಕೆಯಾ ಕೋಣೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಹೇಗೆ ಹೇಳುವುದು? ಮೊದಲಿನಿಂದ ಹೇಳಿದರೆ ಒಂಬತ್ತನೆಯ ದಿನದವರೆಗೆ ಹೇಳುತ್ತಲೇ ಇರಬೇಕಾದೀತು. ಹೆಜ್ಜೆ ಸದ್ದು ಬಂದು ಬಾಗಿಲಲ್ಲಿ ನಿಂತಿತು. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ತನ್ನದೇ ಕೋಣೆಯ ಹೊಸ್ತಿಲಿನಾಚೆ, ಪರವೂರಿಗೆ ಬಂದ ನೆಂ​ಟನ ಹಾಗೆ ನಿಂತಿದ್ದ ಆ ದೊಡ್ಡ ಮನುಷ್ಯ. ಬೆರಳಲ್ಲಿ ಎಣಿಸಿದ. ಅವನೂ ಎಣಿಸುತ್ತಿದ್ದನೆಂಬುದು ಅವಳಿಗೆ ಈಗ ಗೊತ್ತಾಯಿತು.

"ಐದನೇ ದಿನ ಅಲ್ವಾ ಇವತ್ತು?" ಎಂದ. "ನಂಗೆ ಲೆಕ್ಕ ತಪ್ಪಿತಾ?"

"ನಂಗೆ ತಪ್ಪಿತ್ತು" ಎಂದಳು.

ಅವನು ಮುಖ ನೋಡಿದ. ಏನೂ ಅರ್ಥವಾಗಲಿಲ್ಲ, ಅರ್ಥವಾಗದಿದ್ದರೂ ಪರವಾಗಿಲ್ಲ ಎಂಬ ಮುಖ. "ಒಳಗೆ ಬರ್ಲಾ?" ಎಂದು ಕೇಳಿದ.

ಅವಳು ದಿಂಬನ್ನು ತೆಗೆದುಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದಳು. ಬೆರಳ ತುದಿಗಳಲ್ಲಿ ಕೆಂಗಂದು ಬಣ್ಣ ಇನ್ನೂ ಇತ್ತು, ದಿಂಬಿನ ಬಿಳಿ ಕವಚದ ಮೇಲೆ ಅಚ್ಚಾಗದಂತೆ ಅಂಗೈಯಲ್ಲಿ ಹಿಡಿದಳು. ಅಡುಗೆಮನೆಯಿಂದ, ಗೋಡೆಯಾಚೆಯಿಂದಲೇ ಎಲ್ಲವನ್ನೂ ಕಂಡವಳ ಹಾಗೆ, ದೋನ್ಯಾ ಒಟಿಲಿಯಾಳ ದನಿ ಕೇಳಿಸಿತು:

"ಮಿಲ್ಕೆಯಾ! ಬರಿಗಾಲಲ್ಲಿ ನಿಂತಿದೀಯಾ? ನೆಲ ತಣ್ಣಗಿದೆ ಕಣೇ, ಪಾಸ್ಮೊ ಆಗುತ್ತೆ!"

ಮಿಲ್ಕೆಯಾ ಕೆಳಗೆ ನೋಡಿಕೊಂಡಳು. ಬರಿಗಾಲೇ. ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ, ಯಾವುದಕ್ಕೂ ಇರಲಿ ಎಂದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಹಾಕಿದಳು.